ಕಣ್ಣೊಳಗಿನ ಲೆನ್ಸಿಗೂ ಒಂದು ಟ್ರಯಲ್

(ಚಿಕ್ಕಬಳ್ಳಾಪುರದಲ್ಲಿ ನಿವೃತ್ತರ ಬಳಗವೊಂದು ತಿಂಗಳಿಗೊಮ್ಮೆ ಸೇರಿ ಯಾರನ್ನಾದರೂ ಕರೆದು ಮಾತಾಡಿಸುತ್ತದೆ. ಈ ಸಲ ನನ್ನ ಸರದಿ ಬಂತು. ಪೊರೆ ಆಪರೇಷನ್ನಿನಲ್ಲಿ ಕಣ್ಣೊಳಗೆ ಕೂರಿಸಿದ ಮೇಲೂ ಪವರ್ ಬದಲಾಯಿಸಬಲ್ಲ ಲೆನ್ಸಿನ ಬಗ್ಗೆ ಹೇಳಿ ಎಂದು ಕರೆದಿದ್ದರು. ಆಡಿದ್ದನ್ನು ಬರೆದುಕೊಡಿ ಎಂದರು. ಮೈಕ್ ಕೈಕೊಟ್ಟಾಗ ಎರಡೆರಡು ಸಲ ಹೇಳಿದ್ದನ್ನು ಒಂದು ಸಲಕ್ಕೆ ಇಳಿಸಿ, ನಡುನಡುವೆ ಕೇಳಿದ ಪ್ರಶ್ನೆಗಳನ್ನು ಅಲ್ಲಲ್ಲೇ ಸೇರಿಸಿ ಬರೆದಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಮೊದಲು ಒಂದು ಸಣ್ಣ ಲೆಕ್ಕ. ಕಣ್ಣಿನ ಪೊರೆ ಆಪರೇಷನ್ ಮಾಡಿಸಿಕೊಂಡವರು ಕೈ ಎತ್ತಿ. ಸರಿ, ಅರ್ಧಕ್ಕಿಂತ ಹೆಚ್ಚು ಜನ ಇದ್ದೀರಿ. ಅದರಲ್ಲಿ ಆಪರೇಷನ್ ಆದಮೇಲೂ ಕನ್ನಡಕ ಹಾಕುವವರು ಕೈ ಹಾಗೇ ಇಟ್ಟುಕೊಳ್ಳಿ. ನೋಡಿ, ಒಂದೆರಡು ಬಿಟ್ಟರೆ ಯಾವ ಕೈಯೂ ಇಳಿಯಲಿಲ್ಲ. ಹಿಂದಿನ ಸಾಲಿನ ಯಜಮಾನರಂತೂ ಕೈಯ ಜೊತೆ ಕನ್ನಡಕವನ್ನೂ ತೆಗೆದು ಎತ್ತಿ ತೋರಿಸುತ್ತಿದ್ದಾರೆ.

ಅವರ ಸಿಟ್ಟು ನನಗೆ ಗೊತ್ತು. ಮೂವತ್ತು ವರ್ಷದಿಂದ ಅದೇ ಮಾತು ಕೇಳುತ್ತಿದ್ದೇನೆ. "ಲೆನ್ಸ್ ಹಾಕಿದ್ದೀರಲ್ಲಾ ಮೇಡಂ, ಮತ್ತೆ ಕನ್ನಡಕ ಯಾಕೆ?" ಆ ಪ್ರಶ್ನೆ ಡಾಕ್ಟರ ಹತ್ತಿರ ಹೋಗುವುದಿಲ್ಲ, ನನ್ನ ಹತ್ತಿರ ಬರುತ್ತದೆ. ನಾನು ಸರ್ಜನ್ ಅಲ್ಲ. ಕಣ್ಣು ಅಳೆಯುವವಳು. ಆಪರೇಷನ್ನಿಗೆ ಮುಂಚೆ ನಿಮ್ಮ ಗದ್ದವನ್ನು ಮೆಷಿನ್ ಮೇಲೆ ಇಡಿಸಿ, "ಕೆಂಪು ಲೈಟ್ ನೋಡಿ, ರೆಪ್ಪೆ ಬಡೀಬೇಡಿ" ಅನ್ನುತ್ತಾರಲ್ಲ, ಅವರೇ ನಾವು. ಯಾವ ಪವರಿನ ಲೆನ್ಸ್ ಹಾಕಬೇಕು ಅನ್ನುವ ಚೀಟಿ ನಮ್ಮ ಕೈಯಿಂದ ಹೋಗುತ್ತದೆ. ತಿಂಗಳ ಮೇಲೆ ನೀವು ಮತ್ತೆ ಬಂದು ಕೂತಾಗ ಎಷ್ಟು ಪವರ್ ಉಳಿದಿದೆ, ಅಂದರೆ ಇನ್ನೂ ಎಷ್ಟು ನಂಬರಿನ ಕನ್ನಡಕ ಬೇಕು ಅಂತ ನೋಡುವವರೂ ನಾವೇ. ಪ್ರಶ್ನೆಪತ್ರಿಕೆ ಬರೆದವರೇ ಉತ್ತರ ತಿದ್ದಿದ ಹಾಗೆ. ತಪ್ಪಿದ್ದರೆ ಎದುರಿಗೇ ಕೂತಿರುತ್ತದೆ.

ನಮ್ಮ ತಾತನ ಕಾಲದಲ್ಲಿ ಈ ಪ್ರಶ್ನೆಯೇ ಇರಲಿಲ್ಲ. ಆಗ ಪೊರೆ, ಅಂದರೆ ಮಬ್ಬಾದ ಸ್ವಂತ ಲೆನ್ಸ್, ತೆಗೆದರೆ ತೆಗೆದಷ್ಟೇ, ಒಳಗೆ ಏನೂ ಕೂರಿಸುತ್ತಿರಲಿಲ್ಲ. ಡಾ. ಎಂ.ಸಿ. ಮೋದಿಯವರ ಕ್ಯಾಂಪುಗಳ ಹೆಸರು ಇಲ್ಲಿ ಎಲ್ಲರಿಗೂ ಗೊತ್ತಿರಬೇಕು. ಊರೂರಿಗೆ ಬಂದು ಸಾಲಾಗಿ ಮಲಗಿಸಿ ಸಾವಿರಾರು ಜನಕ್ಕೆ ಬೆಳಕು ಕೊಟ್ಟವರು. ಆಪರೇಷನ್ ಆದಮೇಲೆ ಆ ಕಾಲದವರಿಗೆಲ್ಲ ಸಿಗುತ್ತಿದ್ದದ್ದು ಹತ್ತು ಪಾಯಿಂಟ್ ಪ್ಲಸ್ಸಿನ ಸೋಡಾಬುಡ್ಡಿ ಕನ್ನಡಕ. ನಮ್ಮ ತಾತನಿಗೂ ಒಂದಿತ್ತು. ಅದರೊಳಗಿಂದ ಎಲ್ಲವೂ ಕಾಲು ಭಾಗದಷ್ಟು ದೊಡ್ಡದಾಗಿ, ಅದಕ್ಕೇ ಹತ್ತಿರವಾಗಿ ಕಾಣುತ್ತದೆ. ಕಾಫಿ ಲೋಟ ಹಿಡಿಯಲು ಕೈ ಚಾಚಿದರೆ ಬೆರಳು ಲೋಟಕ್ಕಿಂತ ನಾಲ್ಕು ಬೆರಳು ಮುಂಚೆಯೇ ಮುಚ್ಚಿಕೊಳ್ಳುತ್ತಿತ್ತು. ಅಜ್ಜಿ ಲೋಟವನ್ನು ಕೈಗೇ ಇಟ್ಟು, ಬೆರಳು ಮಡಚಿಸಿ ಹೋಗುತ್ತಿದ್ದಳು. ಆ ಕನ್ನಡಕ ಕೆಳಗೆ ಬಿದ್ದು ಒಡೆದ ದಿನ ತಾತ ಮತ್ತೆ ಕುರುಡ. ಇವತ್ತು ಅರ್ಧ ಪಾಯಿಂಟ್, ಮುಕ್ಕಾಲು ಪಾಯಿಂಟ್ ಉಳಿಯಿತು ಅಂತ ನಾವು ಜಗಳ ಆಡುವಷ್ಟು ದೂರ ಬಂದಿದ್ದೇವೆ. ಒಳ್ಳೆಯದೇ. ಜಗಳ ಆಡಿ.

ಕಣ್ಣೊಳಗೆ ಲೆನ್ಸ್ ಕೂರಿಸಿದ ಮೊದಲ ಮನುಷ್ಯ ಇಂಗ್ಲೆಂಡಿನ ಹೆರಾಲ್ಡ್ ರಿಡ್ಲಿ. 1949ರ ನವೆಂಬರ್ 29, ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆ. ಯುದ್ಧದಲ್ಲಿ ವಿಮಾನದ ಕಿಟಕಿಯ ಪ್ಲಾಸ್ಟಿಕ್ ಒಡೆದು ಪೈಲಟ್‌ಗಳ ಕಣ್ಣಿಗೆ ಚೂರು ಹೊಕ್ಕಿದ್ದವು. ಕಣ್ಣು ಆ ಚೂರುಗಳ ಮೇಲೆ ಮುನಿಸಿಕೊಳ್ಳದೆ ಸುಮ್ಮನಿದ್ದದ್ದನ್ನು ಈತ ಗಮನಿಸಿದ್ದ. ಹಾಗಾದರೆ ಅದೇ ಜಾತಿಯ ಪ್ಲಾಸ್ಟಿಕ್ಕಿನಲ್ಲಿ ಲೆನ್ಸ್ ಮಾಡಬಹುದಲ್ಲ ಅಂತ ಹೊಳೆಯಿತು. ಈ ಕತೆಯನ್ನು ಎಲ್ಲರೂ ಇಲ್ಲಿಗೆ ನಿಲ್ಲಿಸಿ ಚಪ್ಪಾಳೆ ಹೊಡೆಸುತ್ತಾರೆ. ನನ್ನಂಥವಳಿಗೆ ಬೇಕಾದದ್ದು ಮುಂದಿನ ಸಾಲು. ಆ ಮೊದಲ ರೋಗಿಗೆ ಕೊನೆಗೆ ಉಳಿದ ಪವರ್ ಎಷ್ಟು ಗೊತ್ತೇ? ಮೈನಸ್ ಹದಿನೆಂಟು, ಅದರ ಮೇಲೆ ಸಿಲಿಂಡರ್, ಅಂದರೆ ಒಂದು ದಿಕ್ಕಿಗೆ ಮಾತ್ರ ಇರುವ ಅಡ್ಡ ಪವರ್, ಆರು! ಮನುಷ್ಯನ ಸ್ವಂತ ಲೆನ್ಸಿನ ಆಕಾರವನ್ನೇ ನಕಲು ಮಾಡಿದ್ದರು. ಪ್ಲಾಸ್ಟಿಕ್ ಬೆಳಕನ್ನು ಸ್ವಂತ ಲೆನ್ಸಿಗಿಂತ ಜಾಸ್ತಿ ಬಾಗಿಸುತ್ತದೆ ಅನ್ನುವುದು ಲೆಕ್ಕಕ್ಕೆ ಸರಿಯಾಗಿ ಸಿಕ್ಕಿರಲಿಲ್ಲ. ಮೈನಸ್ ಹದಿನೆಂಟು ಅಂದರೆ ಐದೂವರೆ ಸೆಂಟಿಮೀಟರ್ ದೂರದಲ್ಲಿ ಹಿಡಿದದ್ದು ಮಾತ್ರ ಸ್ಪಷ್ಟ. ಮೂಗಿನ ತುದಿಯ ಆಚೆಗೆಲ್ಲ ಮಂಜು. ಅಂದರೆ ಲೆನ್ಸ್ ಹುಟ್ಟಿದ ದಿನವೇ ಉಳಿದ ಪವರೂ ಹುಟ್ಟಿತು. ಹಿಂದಿನ ಸಾಲಿನ ಯಜಮಾನರಿಗೆ ಇದರಿಂದ ಸ್ವಲ್ಪ ಸಮಾಧಾನ ಆದೀತು.

ಈ ಪಾಯಿಂಟ್ ಲೆಕ್ಕ ನೀವೂ ಕಲಿಯಬಹುದು, ಸುಲಭ. ಮೈನಸ್ ಪವರ್ ಇದ್ದರೆ ನೂರನ್ನು ಆ ಸಂಖ್ಯೆಯಿಂದ ಭಾಗಿಸಿ, ಬಂದ ಸೆಂಟಿಮೀಟರಿನಲ್ಲಿ ನಿಮ್ಮ ಕಣ್ಣು ಬರಿಗಣ್ಣಿಗೆ ಸ್ಪಷ್ಟ. ಮೈನಸ್ ಒಂದು ಅಂದರೆ ಒಂದು ಮೀಟರ್. ಎರಡು ಅಂದರೆ ಐವತ್ತು ಸೆಂಟಿಮೀಟರ್, ತೊಡೆಯ ಮೇಲೆ ಪುಸ್ತಕ ಇಟ್ಟಷ್ಟು. ಎರಡೂವರೆ ಅಂದರೆ ನಲವತ್ತು. ಸೊನ್ನೆ ಅಂದರೆ ನಂದಿಬೆಟ್ಟ ಸ್ಪಷ್ಟ, ಅಂಗೈ ಮಸುಕು. ಎಳೆಯ ಕಣ್ಣಿನ ಲೆನ್ಸ್ ಮೆತ್ತಗಿರುತ್ತದೆ, ದೂರಕ್ಕೂ ಹತ್ತಿರಕ್ಕೂ ತಾನೇ ಹೊಂದಿಕೊಳ್ಳುತ್ತದೆ. ನಾವು ಕೂರಿಸುವ ಮಾಮೂಲು ಲೆನ್ಸ್ ಒಂದೇ ದೂರಕ್ಕೆ ನಿಂತುಬಿಡುತ್ತದೆ. ಆ ದೂರ ಯಾವುದು ಅಂತ ಆಪರೇಷನ್ನಿಗೆ ಮುಂಚೆಯೇ ತೀರ್ಮಾನ ಆಗಬೇಕು.

ತೀರ್ಮಾನ ಮಾಡುವುದು ಹೇಗೆ? ಎರಡು ಅಳತೆ ತೆಗೆಯುತ್ತೇವೆ. ಕಣ್ಣುಗುಡ್ಡೆಯ ಉದ್ದ, ಸುಮಾರು ಇಪ್ಪತ್ಮೂರೂವರೆ ಮಿಲಿಮೀಟರ್. ಮುಂದಿನ ಕರಿಗುಡ್ಡೆಯ ಮೇಲಿನ ಪಾರದರ್ಶಕ ಪದರ, ಕಾರ್ನಿಯಾ ಅಂತೀವಿ, ಅದರ ಉಬ್ಬು ಎಷ್ಟು ಅನ್ನುವುದು. ಇವೆರಡನ್ನು ಸೂತ್ರಕ್ಕೆ ಹಾಕಿದರೆ ಲೆನ್ಸಿನ ಪವರ್ ಬರುತ್ತದೆ. ಉದ್ದದಲ್ಲಿ ಒಂದು ಮಿಲಿಮೀಟರ್ ತಪ್ಪಿದರೆ ಎರಡೂವರೆಯಿಂದ ಮೂರು ಪಾಯಿಂಟ್ ಹೋಯಿತು. ಅದಾದರೂ ಅಳತೆ. ಮೂರನೆಯದೊಂದಿದೆ, ಅದನ್ನು ಅಳೆಯುವಂತೆಯೇ ಇಲ್ಲ: ಹಾಕಿದ ಲೆನ್ಸ್ ಗಾಯ ಮಾಗಿದ ಮೇಲೆ ಒಳಗೆ ಎಲ್ಲಿ ನೆಲೆ ನಿಲ್ಲುತ್ತದೆ? ಲೆನ್ಸ್ ಕೂರುವ ತೆಳ್ಳನೆಯ ಚೀಲ ದಿನ ಕಳೆದಂತೆ ಸುಕ್ಕಿ ಬಿಗಿಯಾಗುತ್ತದೆ. ಒಬ್ಬರಲ್ಲಿ ಲೆನ್ಸನ್ನು ಕೂದಲೆಳೆಯಷ್ಟು ಹಿಂದಕ್ಕೆ ಒಯ್ಯುತ್ತದೆ, ಇನ್ನೊಬ್ಬರಲ್ಲಿ ಮುಂದಕ್ಕೆ. ಅರ್ಧ ಮಿಲಿಮೀಟರ್ ಸರಿದರೆ ಅರ್ಧ ಪಾಯಿಂಟಿಗಿಂತ ಜಾಸ್ತಿ ವ್ಯತ್ಯಾಸ. ಇಲ್ಲಿ ಸೂತ್ರ ಮಾಡುವುದು ಊಹೆ. ಸಾವಿರಾರು ಕಣ್ಣು ನೋಡಿ ಪಳಗಿದ ಊಹೆ, ಆದರೂ ಊಹೆ. ಅದರ ಮೇಲೆ ಸರ್ಜನ್ ಹಾಕುವ ಸೀಳು ವಾಸಿಯಾಗುವಾಗ ಕಾರ್ನಿಯಾವನ್ನು ಒಂದು ದಿಕ್ಕಿಗೆ ಕೊಂಚ ಎಳೆದು ಅಡ್ಡ ಪವರ್ ತರುತ್ತದೆ. ಲೆನ್ಸುಗಳಾದರೂ ಅಂಗಡಿಯ ಚಪ್ಪಲಿಯ ಹಾಗೆ ಅರ್ಧರ್ಧ ನಂಬರಿನ ಅಂತರದಲ್ಲಿ ಬರುತ್ತವೆ. ಇಷ್ಟೆಲ್ಲ ಸೇರಿ ಉಳಿಯುವುದೇ ನಿಮ್ಮ ಕನ್ನಡಕದ ನಂಬರು. ಬ್ರಿಟನ್ನಿನಲ್ಲಿ 2009ರಲ್ಲಿ ಸರ್ಕಾರಿ ಆಸ್ಪತ್ರೆಗಳ ಮುಂದಿಟ್ಟ ಗುರಿ ಕೇಳಿ: ನೂರು ಕಣ್ಣಿನಲ್ಲಿ 85 ಅಂದುಕೊಂಡದ್ದರ ಒಂದು ಪಾಯಿಂಟಿನ ಒಳಗೆ ಬರಬೇಕು, 55 ಅರ್ಧ ಪಾಯಿಂಟಿನ ಒಳಗೆ. ಈಗಿನ ಮೆಷಿನ್ನುಗಳಲ್ಲಿ ಅದಕ್ಕಿಂತ ಚೆನ್ನಾಗಿ ಬರುತ್ತದೆ. ನೂರಕ್ಕೆ ನೂರು ಮಾತ್ರ ಯಾರಿಗೂ ಬಂದಿಲ್ಲ.

ಈಗ ನನ್ನದೊಂದು ತಪ್ಪು ಒಪ್ಪಿಕೊಳ್ಳುತ್ತೇನೆ.

ಹಳೆಯ ಎ-ಸ್ಕ್ಯಾನ್ ಮೆಷಿನ್ನಿನಲ್ಲಿ ಪೆನ್ನಿನಂಥ ಪ್ರೋಬ್ ಇರುತ್ತದೆ. ಕಣ್ಣಿಗೆ ಮರಗಟ್ಟುವ ಹನಿ ಹಾಕಿ, ಪ್ರೋಬಿನ ತುದಿಯನ್ನು ಕಾರ್ನಿಯಾಗೆ ತಾಗಿಸಿ ಶಬ್ದದ ಅಲೆಯಿಂದ ಉದ್ದ ಅಳೆಯುವುದು. ತಾಗಿಸಬೇಕು, ಒತ್ತಬಾರದು. ಒತ್ತಿದರೆ ಕಣ್ಣು ಚಪ್ಪಟೆಯಾಗಿ ಉದ್ದ ಕಮ್ಮಿ ತೋರಿಸುತ್ತದೆ, ನಾವು ಜಾಸ್ತಿ ಪವರಿನ ಲೆನ್ಸ್ ಬರೆಯುತ್ತೇವೆ, ರೋಗಿಗೆ ಮೈನಸ್ ಬರುತ್ತದೆ. ಒಂದು ಕ್ಯಾಂಪಿನ ದಿನ, ಸಾಲು ಬಾಗಿಲಾಚೆ ಹೋಗಿತ್ತು, ನಾನು ಒತ್ತಿದ್ದೇನೆ. ಬೆರಳಿಗೆ ಆ ಕ್ಷಣವೇ ಗೊತ್ತಾಗಿತ್ತು ಅಂತ ಈಗ ಅನ್ನಿಸುತ್ತದೆ. ಮತ್ತೊಮ್ಮೆ ಅಳೆಯಬೇಕಿತ್ತು, ಅಳೆಯಲಿಲ್ಲ. ಆಕೆ ಹೂ ಕಟ್ಟುವವರು. ಆಪರೇಷನ್ ಆಗಿ ಐದು ವಾರಕ್ಕೆ ಬಂದಾಗ ಮೈನಸ್ ಒಂದೂಮುಕ್ಕಾಲು. ನನ್ನ ಎದೆ ಧಸಕ್ಕೆಂದಿತು. ಹೇಗೆ ಹೇಳುವುದು ಅಂತ ಮಾತು ಹುಡುಕುತ್ತಿದ್ದರೆ ಆಕೆಯೇ ಶುರು ಮಾಡಿದರು. "ಬಲು ಚೆನ್ನಾಗಿ ಕಾಣ್ತದೆ ಕಣಮ್ಮಾ. ಕನಕಾಂಬರದ ತೊಟ್ಟು ಒಂದೊಂದೂ ಕಾಣ್ತದೆ. ಬಸ್ ಬೋರ್ಡ್ ಕಾಣಾಕಿಲ್ಲ, ಅದನ್ನ ಮೊಮ್ಮಗ ಓದ್ತಾನೆ." ನಾನು ಸುಮ್ಮನೆ ತಲೆ ಆಡಿಸಿದೆ. ತಪ್ಪು ಆಯಿತು ಅಂತ ಅವತ್ತು ಹೇಳಲಿಲ್ಲ. ಹೇಳಬೇಕಿತ್ತು.

ಅದೇ ಸುಮಾರಿಗೆ ಶಿಡ್ಲಘಟ್ಟದ ಒಬ್ಬ ರೀಲರ್ ಬಂದರು. ರೇಷ್ಮೆ ಗೂಡಿನಿಂದ ನೂಲು ಬಿಚ್ಚುವವರು. ಅವರ ಅಳತೆಯಲ್ಲಿ ನಾನು ಒಂದು ಕೂದಲೂ ತಪ್ಪಿರಲಿಲ್ಲ. ಫಲಿತಾಂಶ ಸೊನ್ನೆ. ಕೊನೆಯ ಸಾಲಿನವರೆಗೆ ಗಡಗಡ ಓದಿದರು. ಡಾಕ್ಟರ್ ನನ್ನ ಬೆನ್ನು ತಟ್ಟಿದರು. ತಿಂಗಳು ಕಳೆದು ಅದೇ ಮನುಷ್ಯ ಮುಖ ಸಣ್ಣ ಮಾಡಿಕೊಂಡು ಬಂದು ಕೂತರು. "ಪೋಗು ದೊರಕ್ತಾ ಲೇದಮ್ಮಾ" ಅಂದರು. ನಿಮಗೆಲ್ಲ ಬಿಡಿಸಿ ಹೇಳಬೇಕಿಲ್ಲ, ಎಳೆ ಸಿಗುತ್ತಿಲ್ಲ ಅಂತ.

ಬಿಚ್ಚಾಣಿಕೆ ನೋಡದವರು ಇಲ್ಲಿ ಯಾರೂ ಇರಲಿಕ್ಕಿಲ್ಲ, ಆದರೂ ಒಮ್ಮೆ ಕಣ್ಣಿನ ದೃಷ್ಟಿಯಿಂದ ನೋಡಿ. ಬೇಸಿನ್ನಿನಲ್ಲಿ ಬಿಸಿನೀರು, ಅದರಲ್ಲಿ ಬೆಂದ ಗೂಡು ತೇಲುತ್ತಿವೆ. ಒಂದೊಂದು ಗೂಡಿನ ಎಳೆಯ ತುದಿ ಹಿಡಿದು, ಎಂಟೋ ಹತ್ತೋ ಎಳೆ ಕೂಡಿಸಿ ಒಂದು ನೂಲು ಮಾಡಬೇಕು. ಒಂದು ಗೂಡು ಮುಗಿದು ಎಳೆ ತಪ್ಪಿದರೆ ಅದರ ಜಾಗಕ್ಕೆ ತಕ್ಷಣ ಇನ್ನೊಂದನ್ನು ಎಸೆಯಬೇಕು, ಇಲ್ಲದಿದ್ದರೆ ನೂಲು ಸಣ್ಣ ಆಗುತ್ತದೆ, ರೇಟು ಬೀಳುತ್ತದೆ. ಬಿಳಿ ಎಳೆ, ಬಿಳಿ ಹಬೆ, ನೀರಿನ ಹೊಳಪು. ಕಣ್ಣಿಂದ ಕೈಗೆ ಐವತ್ತು ಅರವತ್ತು ಸೆಂಟಿಮೀಟರ್. "ಹತ್ತಿರದ ಕನ್ನಡಕ ಕೊಟ್ಟಿದ್ವಲ್ಲಾ?" ಅಂದೆ. ಜೇಬಿನಿಂದ ತೆಗೆದು ಮೇಜಿನ ಮೇಲಿಟ್ಟರು. "ಹಬೆ ಕೂರ್ತದೆ. ಒರೆಸೋಕೆ ಕೈ ಯಾವಾಗ ಒಣಗಿರ್ತದೆ?" ಪೊರೆ ಬರುವ ಮುಂಚೆ ಅವರಿಗೆ ಎರಡು ಪಾಯಿಂಟ್ ಮೈನಸ್ ಇತ್ತಂತೆ. ಆ ಮೈನಸ್ಸೇ ಅವರ ಬಂಡವಾಳ, ಹತ್ತಿರಕ್ಕೆ ಕನ್ನಡಕವೇ ಬೇಡದೆ ನಲವತ್ತು ವರ್ಷ ದುಡಿದಿದ್ದರು. ನಾವು ಅದನ್ನು ತೆಗೆದು ಸೊನ್ನೆ ಕೊಟ್ಟಿದ್ದೆವು. ಅವರಿಗೆ ಬೇಕಿದ್ದದ್ದು ನನ್ನ ತಪ್ಪಿನ ಕಣ್ಣು. ಹೂವಿನವರಿಗೆ ಸಿಕ್ಕಿತು.

ಆ ದಿನದಿಂದ ಸೊನ್ನೆಯ ಮೇಲೆ ನನಗಿದ್ದ ಭಕ್ತಿ ಹೋಯಿತು. ಉಳಿದ ಪವರ್ ಒಂದು ದೋಷ ಅಂತ ಪುಸ್ತಕ ಹೇಳುತ್ತದೆ. ಯಾರಿಗೆ, ಯಾವ ಕೆಲಸಕ್ಕೆ ದೋಷ ಅಂತ ಕೇಳದೆ ಅದು ದೋಷವೋ ಅಲ್ಲವೋ ಹೇಳಲಾಗದು. ಇಷ್ಟೇ ನನ್ನ ಇವತ್ತಿನ ಮಾತು. ಉಳಿದದ್ದೆಲ್ಲ ವಿವರ.

ಬೇಡದ ಪವರ್ ಉಳಿದರೆ ಏನು ಮಾಡಬಹುದು? ಕನ್ನಡಕ, ಎಲ್ಲಕ್ಕಿಂತ ಅಗ್ಗ, ಎಲ್ಲಕ್ಕಿಂತ ಕ್ಷೇಮ. ನಾಚಿಕೆಪಡುವಂಥದ್ದೇನಲ್ಲ. ಕಾರ್ನಿಯಾ ಚೆನ್ನಾಗಿದ್ದರೆ ಲೇಸರಿನಿಂದ ತಿದ್ದಬಹುದು. ತಪ್ಪು ತುಂಬ ದೊಡ್ಡದಾಗಿದ್ದು ಬೇಗ ಗೊತ್ತಾದರೆ ಲೆನ್ಸನ್ನೇ ಬದಲಿಸುತ್ತಾರೆ, ತಡವಾದಷ್ಟೂ ಚೀಲಕ್ಕೆ ಅಂಟಿ ಕಷ್ಟ. ಇದ್ದ ಲೆನ್ಸಿನ ಮುಂದೆ ಇನ್ನೊಂದು ತೆಳು ಲೆನ್ಸ್ ಕೂರಿಸುವುದೂ ಉಂಟು. ಅಡ್ಡ ಪವರಿಗೆಂದು ಹಾಕುವ ಟೋರಿಕ್ ಲೆನ್ಸ್ ಒಳಗೆ ತಿರುಗಿಬಿಟ್ಟಿದ್ದರೆ ಮತ್ತೆ ತಿರುಗಿಸಿ ನಿಲ್ಲಿಸುತ್ತಾರೆ. ಅದು ಒಂದು ಡಿಗ್ರಿ ತಿರುಗಿದರೆ ನೂರರಲ್ಲಿ ಮೂರು ಪಾಲಿನಷ್ಟು ಪ್ರಯೋಜನ ಹೋಯಿತು, ಮೂವತ್ತು ಡಿಗ್ರಿ ತಿರುಗಿದರೆ ಹಾಕಿದ್ದೂ ಒಂದೇ, ಬಿಟ್ಟಿದ್ದೂ ಒಂದೇ. ಕನ್ನಡಕ ಬಿಟ್ಟು ಇವೆಲ್ಲಕ್ಕೂ ಕಣ್ಣಿನ ಮೇಲೆ ಮತ್ತೊಮ್ಮೆ ಕೈ ಇಡಬೇಕು.

ಇನ್ನು ನೀವು ಕರೆಸಿದ ವಿಷಯಕ್ಕೆ ಬರುತ್ತೇನೆ. ಕಣ್ಣೊಳಗೆ ಕೂರಿಸಿದ ಮೇಲೆ ಪವರ್ ಬದಲಾಯಿಸಬಲ್ಲ ಲೆನ್ಸ್ ಇದೆ ಅಂತ ನಿಮ್ಮಲ್ಲೊಬ್ಬರ ಮಗ ಅಮೆರಿಕದಿಂದ ಫೋನಿನಲ್ಲಿ ಹೇಳಿದ್ದಾರೆ. ಇದೆ. ಸುಳ್ಳಲ್ಲ. ಲೈಟ್ ಅಡ್ಜಸ್ಟಬಲ್ ಲೆನ್ಸ್ ಅನ್ನುತ್ತಾರೆ, ಬೆಳಕು ಬಿಟ್ಟು ತಿದ್ದುವ ಲೆನ್ಸ್. ನಾನು ಕೈಯಲ್ಲಿ ಹಿಡಿದಿಲ್ಲ, ಓದಿ ತಿಳಿದದ್ದನ್ನು ಹೇಳುತ್ತೇನೆ. ಕ್ಯಾಲಿಫೋರ್ನಿಯಾದ ಕಣ್ಣಿನ ಡಾಕ್ಟರ್ ಡೇನಿಯಲ್ ಶ್ವಾರ್ಟ್ಸ್ ಅವರಿಗೆ ನನ್ನ ಕಾಯಿಲೆಯೇ ಇತ್ತು, ಉಳಿದ ಪವರಿನ ಚಿಂತೆ. ಅವರು ಅಲ್ಲಿನ ಕ್ಯಾಲ್‌ಟೆಕ್ ವಿಶ್ವವಿದ್ಯಾಲಯದಲ್ಲಿ ರಸಾಯನಶಾಸ್ತ್ರದ ರಾಬರ್ಟ್ ಗ್ರಬ್ಸ್ ಅವರ ಬಳಿ ಹೋದರು. ಈ ಗ್ರಬ್ಸ್ ಅವರಿಗೆ ಮುಂದೆ 2005ರಲ್ಲಿ ಬೇರೆ ಕೆಲಸಕ್ಕೆ ನೊಬೆಲ್ ಬಂತು. ಇಬ್ಬರೂ ಸೇರಿ ಶುರು ಮಾಡಿದ್ದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎಯ ಒಪ್ಪಿಗೆ ಪಡೆದದ್ದು 2017ರ ನವೆಂಬರಿನಲ್ಲಿ.

ಅದರ ಒಳಗುಟ್ಟು ಹೀಗೆ. ಲೆನ್ಸ್ ಸಿಲಿಕೋನಿನದು. ಅದರ ಒಡಲಲ್ಲಿ ಸಣ್ಣ ಸಣ್ಣ ಅಣುಸರಗಳು ಬಿಡಿಬಿಡಿಯಾಗಿ ಓಡಾಡಿಕೊಂಡಿರುತ್ತವೆ. ಒಂದು ಅಳತೆಯ ನೇರಳಾತೀತ ಬೆಳಕು, 365 ನ್ಯಾನೋಮೀಟರಿನದು, ಬಿದ್ದ ಕಡೆ ಅವು ಒಂದನ್ನೊಂದು ಕೈ ಹಿಡಿದು ಕಟ್ಟಿಕೊಳ್ಳುತ್ತವೆ. ಮದುವೆ ಮನೆಯ ಊಟದ ಹಾಲ್ ನೆನೆಸಿಕೊಳ್ಳಿ. ನಿಂತವರು ಎಲ್ಲ ಕಡೆ ಸಮನಾಗಿ ಹರಡಿದ್ದಾರೆ. ನಡುವೆ ಎಲೆ ಹಾಕಿದಿರಿ, ಅಲ್ಲಿದ್ದವರು ಕೂತರು. ಕೂತವರು ಇನ್ನು ಅಲುಗುವುದಿಲ್ಲ. ನಿಂತವರ ಪೈಕಿ ನಡುವೆ ಜಾಗ ಖಾಲಿಯಾದಂತೆ ಆಯಿತು, ಆಚೀಚೆ ನಿಂತವರು ಅಲ್ಲಿಗೆ ನುಗ್ಗಿದರು. ಒಟ್ಟಿನಲ್ಲಿ ನಡುವೆ ಜನ ಜಾಸ್ತಿ. ಲೆನ್ಸಿನಲ್ಲೂ ಅಷ್ಟೇ: ಬೆಳಕು ಬಿದ್ದ ಕಡೆಗೆ ಬಿಡಿ ಸರಗಳು ಹರಿದು ಬಂದು ಆ ಭಾಗ ಉಬ್ಬುತ್ತದೆ. ನಡುವೆ ಬೆಳಕು ಬಿಟ್ಟರೆ ನಡು ಉಬ್ಬಿ ಪವರ್ ಏರುತ್ತದೆ. ಅಂಚಿಗೆ ಬಿಟ್ಟರೆ ಅಂಚು ಉಬ್ಬಿ ನಡು ತಗ್ಗಿ ಪವರ್ ಇಳಿಯುತ್ತದೆ. ಒಂದು ಗೆರೆಯ ಉದ್ದಕ್ಕೆ ಬಿಟ್ಟರೆ ಅಡ್ಡ ಪವರ್ ಹೋಗುತ್ತದೆ. ಬೆಳಕು ಬಿಡುವುದು ಒಂದೆರಡು ನಿಮಿಷದ ಕೆಲಸ, ಚಾಕು ಇಲ್ಲ, ನೋವಿಲ್ಲ. ಲೆನ್ಸ್ ತನ್ನ ಆಕಾರಕ್ಕೆ ಬರಲು ಒಂದು ದಿನ ಬೇಕು.

ಬಿ.ಬಿ. ರಸ್ತೆಯ ದರ್ಜಿ ಹೊಸ ಜಾಕೀಟಿಗೆ ಒಳಗೆ ಬಟ್ಟೆ ಬಿಟ್ಟು ಕಚ್ಚಾ ಹೊಲಿಗೆ ಹಾಕಿ, ಟ್ರಯಲ್‌ಗೆ ಬನ್ನಿ ಅನ್ನುತ್ತಾನಲ್ಲ, ಅದೇ ಉಪಾಯ. ಆಪರೇಷನ್ ಆಗಿ ಹದಿನೇಳು, ಇಪ್ಪತ್ತೊಂದು ದಿನ ಬಿಟ್ಟು, ಗಾಯ ಮಾಗಿ ಲೆನ್ಸ್ ನೆಲೆ ನಿಂತ ಮೇಲೆ ಅಳೆಯುತ್ತಾರೆ. ಊಹೆಯ ಮೂರನೆಯ ಅಳತೆ ಅಂದೆನಲ್ಲ, ಆಗ ಅದು ಊಹೆ ಅಲ್ಲ, ಕಣ್ಣೆದುರಿಗಿರುತ್ತದೆ. ರೋಗಿಗೆ ಹೀಗೆ ಬೇಕೇ ಹಾಗೆ ಬೇಕೇ ಅಂತ ಕೇಳಿ ಬೆಳಕು ಬಿಡುತ್ತಾರೆ. ಕೆಲವು ದಿನ ಆ ಕಣ್ಣಿನಲ್ಲಿ ಬದುಕಿ ನೋಡಿ ಅನ್ನುತ್ತಾರೆ. ಇಷ್ಟವಾಗದಿದ್ದರೆ ಇನ್ನೊಮ್ಮೆ, ಬೇಕಾದರೆ ಮೂರನೆಯ ಸಲ. ಎಲ್ಲ ಸರಿ ಅಂದಮೇಲೆ ಇಡೀ ಲೆನ್ಸಿಗೆ ಬೆಳಕು ಬಿಟ್ಟು ಉಳಿದ ಬಿಡಿ ಸರಗಳನ್ನೆಲ್ಲ ಕಟ್ಟಿಹಾಕುತ್ತಾರೆ. ಅದಕ್ಕೆ ಲಾಕ್ ಮಾಡುವುದು ಅಂತಲೇ ಹೆಸರು, ಅದೂ ಒಂದೋ ಎರಡೋ ಸಲ. ಲಾಕ್ ಆಯಿತೋ, ಆಮೇಲೆ ದೇವರು ಬಂದರೂ ಆ ಲೆನ್ಸ್ ಬದಲಾಗದು.

ಹಿಂದಿನ ಸಾಲಿನ ಯಜಮಾನರು ಮುಂದಕ್ಕೆ ಬಂದು ಕೂತಿದ್ದಾರೆ, ಸಂತೋಷ. ಈಗ ತೊಡಕುಗಳನ್ನೂ ಕೇಳಿ. ತಿದ್ದಬಹುದಾದದ್ದು ಸುಮಾರು ಎರಡು ಪಾಯಿಂಟಿನವರೆಗೆ. ರಿಡ್ಲಿಯವರ ಹದಿನೆಂಟನ್ನು ಇದು ತಿದ್ದುತ್ತಿರಲಿಲ್ಲ. ದರ್ಜಿ ಬಿಟ್ಟ ಬಟ್ಟೆಯಷ್ಟೇ ಬಿಚ್ಚಲು ಸಾಧ್ಯ. ಲಾಕ್ ಆಗುವವರೆಗೆ, ಆದ ಮೇಲೂ ಒಂದು ದಿನ, ಎದ್ದಿರುವಷ್ಟು ಹೊತ್ತೂ ಅವರು ಕೊಟ್ಟ, ನೇರಳಾತೀತ ಬೆಳಕನ್ನು ತಡೆಯುವ ಕನ್ನಡಕ ಹಾಕಿರಬೇಕು. ಬಿಸಿಲಿನಲ್ಲೂ ಅದೇ ನೇರಳಾತೀತ ಬೆಳಕಿದೆ. ಡಾಕ್ಟರ್ ಲೆಕ್ಕ ಹಾಕಿ ಬಿಡುವ ಮೊದಲೇ ಸೂರ್ಯ ತನ್ನ ಇಷ್ಟದಂತೆ ಲೆನ್ಸ್ ತಿದ್ದಿಬಿಟ್ಟಾನು. ಈಚಿನ ಲೆನ್ಸಿನ ಮುಂಭಾಗಕ್ಕೆ ತಡೆಯ ಪದರ ಕೊಟ್ಟಿದ್ದಾರೆ, ಆದರೂ ಕನ್ನಡಕ ತಪ್ಪಿದ್ದಲ್ಲ. ಪಾಪೆ ಚೆನ್ನಾಗಿ ಅಗಲವಾಗದ ಕಣ್ಣಿಗೆ ಆಗದು, ಬೆಳಕು ಲೆನ್ಸಿನ ಅಂಚಿಗೆ ತಲುಪಬೇಕಲ್ಲ. ಕಣ್ಣಿಗೆ ಹಿಂದೆ ಹರ್ಪಿಸ್ ಸರ್ಪಸುತ್ತಿನಂಥ ಸೋಂಕು ಆಗಿದ್ದವರಿಗೆ ಬೇಡ, ಈ ಬೆಳಕು ಅದನ್ನು ಎಬ್ಬಿಸಬಹುದು. ಡಾಕ್ಸಿಸೈಕ್ಲಿನ್‌ನಂಥ, ಬೆಳಕಿಗೆ ಮೈ ಸೂಕ್ಷ್ಮವಾಗಿಸುವ ಔಷಧ ತೆಗೆದುಕೊಳ್ಳುವವರು ಮೊದಲೇ ಹೇಳಬೇಕು. ಬೆಳಕು ಬಿಟ್ಟ ಮೇಲೆ ಕೆಲವರಿಗೆ ಸ್ವಲ್ಪ ಕಾಲ ಎಲ್ಲವೂ ಕೆಂಪು ಛಾಯೆಯಲ್ಲಿ ಕಾಣುತ್ತದೆ. ಅಮೆರಿಕದಲ್ಲೇ ಇದಕ್ಕೆ ವಿಮೆ ಪೂರ್ತಿ ಕೊಡುವುದಿಲ್ಲ, ಕೈಯಿಂದ ಸಾವಿರಗಟ್ಟಲೆ ಡಾಲರ್ ಹಾಕುತ್ತಾರೆ. ಮತ್ತೆ ಇದೇನೂ ಎಲ್ಲ ದೂರವನ್ನೂ ತೋರಿಸುವ ಮಾಯಾ ಲೆನ್ಸ್ ಅಲ್ಲ. ದೂರಕ್ಕೆ ನಿಲ್ಲಿಸಿದರೆ ಹತ್ತಿರಕ್ಕೆ ಕನ್ನಡಕ ಬೇಕೇ ಬೇಕು. ಒಂದು ಕಣ್ಣು ದೂರಕ್ಕೆ, ಒಂದು ಹತ್ತಿರಕ್ಕೆ ಇಟ್ಟುಕೊಳ್ಳುವವರು ಬಹಳ. ಸಕ್ಕರೆ ಕಾಯಿಲೆಯಿಂದ ಕಣ್ಣಿನ ಹಿಂಭಾಗದ ನರದ ಪರದೆ ಕೆಟ್ಟಿದ್ದರೆ ಮುಂಭಾಗದ ಲೆನ್ಸ್ ಎಷ್ಟು ತಿದ್ದಿದರೂ ಅಷ್ಟೇ.

ಇಲ್ಲಿ ಒಬ್ಬರು ಎದ್ದು ಕೇಳಿದರು: "ಹಾಗಾದ್ರೆ ಇದು ನಮಗಲ್ಲ ಅನ್ನಿ?" ಕೆಲವರಿಗೆ ಇದೆ. ಚಿಕ್ಕ ವಯಸ್ಸಿನಲ್ಲಿ ಕನ್ನಡಕ ಬಿಡಿಸಿಕೊಳ್ಳಲು ಲೇಸರ್ ಮಾಡಿಸಿಕೊಂಡ ಮಕ್ಕಳು ನಿಮ್ಮಲ್ಲಿ ಎಷ್ಟೋ ಮನೆಯಲ್ಲಿದ್ದಾರೆ, ಬೆಂಗಳೂರಿನಲ್ಲಿ ಕಂಪ್ಯೂಟರ್ ಮುಂದೆ ಕೂತಿದ್ದಾರೆ. ಲೇಸರ್ ಆದ ಕಾರ್ನಿಯಾವನ್ನು ನಮ್ಮ ಮೆಷಿನ್ನುಗಳೂ ಸೂತ್ರಗಳೂ ಸರಿಯಾಗಿ ಓದುವುದಿಲ್ಲ, ಅವರಿಗೆ ಪೊರೆ ಬಂದಾಗ ನಮ್ಮ ಊಹೆ ಜಾಸ್ತಿ ತಪ್ಪುತ್ತದೆ. ಅಂಥವರಿಗೆ ಹಾಕಿದ ಮೇಲೆ ತಿದ್ದುವ ಲೆನ್ಸ್ ನಿಜಕ್ಕೂ ವರ. ಆದರೆ ಬಾಗೇಪಲ್ಲಿ ಕಡೆಯಿಂದ ಬಸ್ಸು ಹಿಡಿದು ಬರುವ ಕೂಲಿಯವರಿಗೆ? ಒಂದೊಂದು ಸಲ ಬಂದರೂ ಒಂದು ದಿನದ ಕೂಲಿ ಹೋಯಿತು, ಜೊತೆಗೆ ಬಂದವರದೂ ಹೋಯಿತು. ದ್ರಾಕ್ಷಿ ತೋಟದಲ್ಲಿ ಬೆವರು ಒರೆಸಿಕೊಳ್ಳುತ್ತಾ ಐದಾರು ವಾರ ಆ ಕನ್ನಡಕ ತೆಗೆಯಬೇಡಿ ಅಂದರೆ ಯಾರಿಂದಾದೀತು? ಲೆನ್ಸ್ ಅಗ್ಗವಾದರೂ ಈ ಓಡಾಟ ಅಗ್ಗವಾಗದು. ಲೆನ್ಸಿನ ಬೆಲೆ ಇಳಿಯುವುದನ್ನು ನಾವು ಕಂಡಿದ್ದೇವೆ, 1992ರಲ್ಲಿ ತಮಿಳುನಾಡಿನ ಮಧುರೆಯಲ್ಲಿ ಅರೋಲ್ಯಾಬ್ ಶುರುವಾಗಿ ನಮ್ಮ ದೇಶದಲ್ಲೇ ಲೆನ್ಸ್ ತಯಾರಾದ ಮೇಲೆ ಬಡವರ ಕಣ್ಣಿಗೂ ಲೆನ್ಸ್ ಬಂತು. ಬಸ್ಸಿನ ಖರ್ಚು ಮಾತ್ರ ಇಳಿದದ್ದು ಕಂಡಿಲ್ಲ. ಹಾಂ, ಹೆಂಗಸರಿಗೆ ಇಳಿದಿದೆ, ಒಪ್ಪಿದೆ.

ಹಾಗಂತ ಕೈಕಟ್ಟಿ ಕೂರಬೇಕಿಲ್ಲ. ಆ ಲೆನ್ಸಿನ ಹಿಂದಿರುವ ಬುದ್ಧಿಗೆ ಡಾಲರ್ ಬೇಕಿಲ್ಲ. ಮಾಗಿದ ಮೇಲೆ ಅಳೆ, ರೋಗಿಯನ್ನು ಕೇಳು, ಆಮೇಲೆ ತೀರ್ಮಾನಿಸು. ನಮ್ಮಲ್ಲಿ ಹೆಚ್ಚಿನವರಿಗೆ ಎರಡೂ ಕಣ್ಣಿಗೆ ಪೊರೆ ಬರುತ್ತದೆ, ಆಪರೇಷನ್ ಒಂದಾದ ಮೇಲೆ ಒಂದು. ಮೊದಲ ಕಣ್ಣೇ ಎರಡನೆಯದಕ್ಕೆ ಟ್ರಯಲ್! ಮೊದಲ ಕಣ್ಣಿನಲ್ಲಿ ಲೆಕ್ಕ ಒಂದು ಪಾಯಿಂಟ್ ತಪ್ಪಿದ್ದರೆ, ಎರಡನೆಯ ಕಣ್ಣಿನ ಲೆಕ್ಕದಲ್ಲಿ ಅದರ ಅರ್ಧದಷ್ಟನ್ನು ಆಚೆ ಕಡೆಗೆ ಸರಿಸುವ ಪದ್ಧತಿ ಇದೆ, ಯಾಕೆಂದರೆ ಒಬ್ಬ ಮನುಷ್ಯನ ಎರಡು ಕಣ್ಣು ಅಣ್ಣತಮ್ಮಂದಿರ ಹಾಗೆ, ಪೂರ್ತಿ ಒಂದೇ ಅಲ್ಲ, ಪೂರ್ತಿ ಬೇರೆಯೂ ಅಲ್ಲ. ಇದಕ್ಕೆ ನೀವು ಮಾಡಬೇಕಾದ್ದು ಒಂದೇ. ಮೊದಲ ಕಣ್ಣಿನ ಚೀಟಿ, ಲೆನ್ಸಿನ ಡಬ್ಬಿಯ ಮೇಲಿಂದ ಕಿತ್ತು ಅಂಟಿಸಿದ ಸ್ಟಿಕ್ಕರ್, ಎಸೆಯಬೇಡಿ. ರೇಷನ್ ಕಾರ್ಡಿನ ಜೊತೆ ಇಡಿ. ಎರಡನೆಯ ಕಣ್ಣಿಗೆ ಬೇರೆ ಆಸ್ಪತ್ರೆಗೆ ಹೋದರೂ ಅದು ನಿಮ್ಮ ಜೊತೆ ಬರಲಿ.

ಶಿಡ್ಲಘಟ್ಟದವರಿಗೆ ಹಾಗೇ ಮಾಡಿದೆವು. ಎರಡನೆಯ ಕಣ್ಣಿಗೆ ಬಂದಾಗ ಡಾಕ್ಟರ್ ಹತ್ತಿರ ಹೋಗಿ, ಇವರಿಗೆ ಈ ಸಲ ಮೈನಸ್ ಒಂದೂಮುಕ್ಕಾಲು ಇಡೋಣ ಸಾರ್ ಅಂದೆ. ಅವರು ಒಪ್ಪಲಿಲ್ಲ. "ನಾಳೆ ದೂರ ಕಾಣಲ್ಲ ಅಂತ ಬಂದರೆ ನೀವು ಉತ್ತರ ಕೊಡ್ತೀರಾ?" ಕೊಡ್ತೀನಿ ಅಂದೆ, ಆದರೂ ಅವರ ಮಾತಿನಲ್ಲಿ ನ್ಯಾಯ ಇತ್ತು. ಅದಕ್ಕೆ ಟ್ರಯಲ್ ಫ್ರೇಮ್ ಹಾಕಿಸಿ, ಆಪರೇಷನ್ ಆಗಿದ್ದ ಕಣ್ಣಿನ ಮುಂದೆ ಪ್ಲಸ್ ಒಂದೂಮುಕ್ಕಾಲಿನ ಗ್ಲಾಸ್ ಇಟ್ಟೆ. ಹೊಸ ಕಣ್ಣು ಹೀಗೆ ಕಾಣುತ್ತದೆ, ಕೈ ಸ್ಪಷ್ಟ, ಬಾಗಿಲಾಚೆ ಮಸುಕು, ಆದೀತಾ ಅಂತ ಕೇಳಿದೆ. ಅವರು ಬಾಗಿಲಿನ ಕಡೆ ನೋಡಲೇ ಇಲ್ಲ. ತಮ್ಮ ಪಂಚೆಯ ಅಂಚಿನ ನೂಲೊಂದನ್ನು ಎಳೆದು, ಬೆಳಕಿಗೆ ಹಿಡಿದು, ಬಿಡಿಸಿ ಬಿಡಿಸಿ ನೋಡುತ್ತಾ ಕೂತರು. ಡಾಕ್ಟರ್ ಬಂದು ನೋಡಿದರು. ಚೀಟಿಗೆ ಸಹಿ ಹಾಕಿದರು.

ಆಮೇಲಿಂದ ನಮ್ಮ ಫಾರಂನಲ್ಲಿ ಉದ್ಯೋಗ ಅನ್ನುವ ಕಾಲಂ ಇದೆಯಲ್ಲ, ಅದನ್ನು ನಾನೇ ಕೇಳಿ ತುಂಬಿಸುತ್ತೇನೆ. ಮೊದಲೆಲ್ಲ ಗಂಡಸಾದರೆ ಕೂಲಿ, ಹೆಂಗಸಾದರೆ ಗೃಹಿಣಿ ಅಂತ ಬರೆದು ಮುಗಿಸುತ್ತಿದ್ದೆವು. ಗೃಹಿಣಿ ಅಂದರೆ ಎಷ್ಟು ಸೆಂಟಿಮೀಟರ್? ಅವರೆಕಾಯಿ ಕಾಲದಲ್ಲಿ ಹಿತಕಿದ ಬೇಳೆ ಬಿಡಿಸುವ ದೂರ ಬೇರೆ, ರಂಗೋಲಿ ಎಳೆಯುವ ದೂರ ಬೇರೆ, ಅಕ್ಕಿಯ ಕಲ್ಲು ಆರಿಸುವ ದೂರ ಬೇರೆ. ದರ್ಜಿಯ ಟೇಪು ಒಂದನ್ನು ಮೇಜಿನ ಡ್ರಾನಲ್ಲಿ ಇಟ್ಟುಕೊಂಡಿದ್ದೇನೆ. ಕೆಲಸ ಮಾಡುವ ಹಾಗೆ ಕೈ ಹಿಡಿಯಿರಿ ಅಂದು, ಮೂಗಿನಿಂದ ಬೆರಳಿಗೆ ಅಳೆಯುತ್ತೇನೆ. ಮೊದಮೊದಲು ನಮ್ಮ ಹುಡುಗಿಯರು ನಗುತ್ತಿದ್ದರು.

ಇನ್ನೆರಡು ಪ್ರಶ್ನೆಗೆ ಚಿಕ್ಕದಾಗಿ ಉತ್ತರಿಸುತ್ತೇನೆ. ಒಳಗಿನ ಲೆನ್ಸ್ ಸವೆಯುವುದಿಲ್ಲ, ಎಕ್ಸ್‌ಪೈರಿ ಇಲ್ಲ. "ಮತ್ತೆ ಪೊರೆ ಬಂದಿದೆ" ಅನ್ನುತ್ತಾರಲ್ಲ, ಅದು ಲೆನ್ಸಿನ ಹಿಂದಿನ ಚೀಲ ಮಬ್ಬಾಗುವುದು, ಯಾಗ್ ಲೇಸರಿನಲ್ಲಿ ಐದು ನಿಮಿಷಕ್ಕೆ ಕಿಂಡಿ ಮಾಡಿ ಬಿಡುತ್ತಾರೆ. ಆಗಲೇ ಹಾಕಿರುವ ಮಾಮೂಲು ಲೆನ್ಸನ್ನೂ ಹೊರಗಿನಿಂದ ತಿದ್ದಬಹುದೇ ಅಂತ ಕೇಳಿದ್ದು ಒಳ್ಳೆಯ ಪ್ರಶ್ನೆ. ಫೆಮ್ಟೋಸೆಕೆಂಡ್ ಲೇಸರ್ ಬಿಟ್ಟು ಲೆನ್ಸ್ ಬೆಳಕು ಬಾಗಿಸುವ ಗುಣವನ್ನೇ ಬದಲಿಸುವ ಪ್ರಯೋಗ ನಡೆದಿದೆ. ಅದು ಕೈಗೂಡಿದರೆ ಇಲ್ಲಿ ಕೈ ಎತ್ತಿದ ಎಲ್ಲರಿಗೂ ಬಾಗಿಲು ತೆರೆದೀತು. ಸದ್ಯಕ್ಕೆ ಅದು ಪ್ರಯೋಗದ ಹಂತದ ಮಾತು, ಅದನ್ನು ನಂಬಿ ಇರುವ ಕನ್ನಡಕ ಎಸೆಯಬೇಡಿ.

ಕೊನೆಗೆ ಮುಂದಿನ ಸಾಲಿಗೆ ಬಂದ ಯಜಮಾನರು ಕೇಳಿದರು, "ನಿಮ್ಮ ಕಣ್ಣು ಹೇಗಿದೆ ಮೇಡಂ?" ನನಗೂ ಪೊರೆ ಶುರುವಾಗಿದೆ. ಎಡಗಣ್ಣಿಗೆ ಜಾಸ್ತಿ. ಒಂದು ಭಾನುವಾರ ಟೇಪು ಹಿಡಿದು ನಾನೇ ಅಳೆದುಕೊಂಡೆ. ಈಳಿಗೆಮಣೆ ಐವತ್ತೆಂಟು ಸೆಂಟಿಮೀಟರ್, ಪುಸ್ತಕ ಮೂವತ್ತೆಂಟು, ಫೋನು ಮೂವತ್ತನಾಲ್ಕು, ಆಸ್ಪತ್ರೆಯಲ್ಲಿ ರೋಗಿಯ ಕಣ್ಣು ನಲವತ್ತು. ದೂರಕ್ಕೆ ನಾನು ನೋಡುವುದೇನಿದೆ, ಟಿವಿಯನ್ನು ನೋಡುವುದಕ್ಕಿಂತ ಕೇಳುವುದೇ ಜಾಸ್ತಿ. ಎಡಗಣ್ಣನ್ನು ಹತ್ತಿರಕ್ಕೇ ಇಡಿ ಅಂತ ಬರೆದುಕೊಡುತ್ತೇನೆ. ನನ್ನ ಕಣ್ಣು ಅಳೆಯುವುದು ನಾನೇ ಕಲಿಸಿದ ಹುಡುಗಿ. ಕೈ ಚೆನ್ನಾಗಿದೆ. ಗದ್ದ ಇಟ್ಟು ಕೂತಾಗ ಒಂದೇ ಮಾತು ಹೇಳುತ್ತೇನೆ, ಒತ್ತಬೇಡಮ್ಮ ಅಂತ.